ಕರೆಂಟ್ ಇದ್ದ ಬೀದಿ, ಇಲ್ಲದ ಬೀದಿ

2021ರ ಫೆಬ್ರವರಿಯಲ್ಲಿ ನಾವು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿದ್ದೆವು. ಉತ್ತರ ಧ್ರುವದ ಕಡೆಯೇ ಸುತ್ತಿಕೊಂಡಿರಬೇಕಾದ ಚಳಿಗಾಳಿ ಆ ವಾರ ಕೆನಡಾ ದಾಟಿ, ಅಮೆರಿಕದ ನಡುಭಾಗವನ್ನೆಲ್ಲ ಹಾದು, ಮೆಕ್ಸಿಕೋ ಗಡಿಯ ತನಕ ಇಳಿದಿತ್ತು. ಟೆಕ್ಸಾಸ್‌ನ 254 ಕೌಂಟಿಗಳಿಗೂ (ನಮ್ಮ ಜಿಲ್ಲೆಗಳ ಹಾಗೆ) ಒಟ್ಟಿಗೇ ಎಚ್ಚರಿಕೆ ಕೊಟ್ಟಿದ್ದರು. 11ನೇ ತಾರೀಖಿನ ಬೆಳಗ್ಗೆಯೇ ಫೋರ್ಟ್ ವರ್ತ್‌ನ ಹೆದ್ದಾರಿಯಲ್ಲಿ ಮಳೆನೀರು ಬಿದ್ದಲ್ಲೇ ಹೆಪ್ಪುಗಟ್ಟಿ, ನೂರಮೂವತ್ತಕ್ಕೂ ಹೆಚ್ಚು ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡು ಆರು ಜನ ಸತ್ತರು. ಅದನ್ನು ಟಿವಿಯಲ್ಲಿ ನೋಡಿದ ಮೇಲೆ ನಾವು ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಮನೆಯೊಳಗಿದ್ದರೆ ಏನೂ ಆಗಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

14ರ ಭಾನುವಾರ ಹಿಮ ಬಿತ್ತು. ಆ ರಾತ್ರಿ ಒಂದೂವರೆ ಎರಡರ ಹೊತ್ತಿಗೆ ಕರೆಂಟ್ ಹೋಯಿತು. ಸರದಿ ಪ್ರಕಾರ ತೆಗೀತಾರೆ, ಮುಕ್ಕಾಲು ಗಂಟೆಯೊಳಗೆ ಬರುತ್ತದೆ ಎಂದು ಮೊದಲೇ ಮೆಸೇಜ್ ಬಂದಿತ್ತು. ಲೋಡ್ ಶೆಡ್ಡಿಂಗ್ ನೋಡಿಯೇ ಬೆಳೆದವರು ನಾವು. ಬರುತ್ತೆ ಬಿಡು ಅಂತ ಮಗಳಿಗೆ ಇನ್ನೊಂದು ರಜಾಯಿ ಹೊದೆಸಿ ಮಲಗಿದೆವು. ಬೆಳಗಾದರೂ ಬರಲಿಲ್ಲ. ಸಂಜೆಯಾದರೂ ಬರಲಿಲ್ಲ.

ನಮ್ಮ ಮನೆಯ ಹೀಟರ್ ಗ್ಯಾಸ್‌ನದು. ಪೈಪಿನಲ್ಲಿ ಗ್ಯಾಸ್ ಬರುತ್ತಲೇ ಇತ್ತು. ಆದರೆ ಬಿಸಿಗಾಳಿ ತಳ್ಳುವ ಫ್ಯಾನಿಗೆ ಕರೆಂಟ್ ಬೇಕು. ಹಾಗಾಗಿ ಗ್ಯಾಸ್ ಇದ್ದೂ ಮನೆ ತಣ್ಣಗಾಗುತ್ತಾ ಹೋಯಿತು. ಇಲ್ಲಿನ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಸೆಕೆಗೆ. ಗೋಡೆ ತೆಳು, ನೀರಿನ ಪೈಪುಗಳು ಎಷ್ಟೋ ಕಡೆ ಅಟ್ಟದಲ್ಲಿ, ಹೊರಗೋಡೆಯ ಒಳಗೆ. ಸಂಜೆ ಹೊತ್ತಿಗೆ ಹಾಲ್‌ನಲ್ಲಿ ಎಂಟು ಡಿಗ್ರಿ ಸೆಲ್ಸಿಯಸ್. ನಲ್ಲಿಗಳನ್ನು ಸಣ್ಣಗೆ ಬಿಟ್ಟುಕೊಂಡು, ಒಲೆಯನ್ನು ಬೆಂಕಿಕಡ್ಡಿಯಲ್ಲಿ ಹೊತ್ತಿಸಿ ಗಂಜಿ ಮಾಡಿಕೊಂಡು, ನಾವು ಮೂವರೂ ಒಂದೇ ಕೋಣೆಯಲ್ಲಿ ಕೂತೆವು.

ನನಗೆ ಚಿಂತೆಯಾಗಿದ್ದು ಪಕ್ಕದ ಮನೆಯ ಅಜ್ಜನದು. ಎಂಬತ್ತರ ಆಸುಪಾಸು, ಒಬ್ಬರೇ ಇದ್ದರು. ಶ್ವಾಸಕೋಶದ ಕಾಯಿಲೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡಿದ್ದರು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿನ ಸಾರಜನಕ ತೆಗೆದು, ಆಮ್ಲಜನಕವನ್ನು ಮೂಗಿನ ಕೊಳವೆಗೆ ಕೊಡುವ ಯಂತ್ರ. ಅದಾಗಿ ಎರಡು ತಿಂಗಳಿಗೆ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮೂರಿನ ಮನೆಮನೆಯಲ್ಲೂ ಆ ಯಂತ್ರದ ಹೆಸರು ಕೇಳಿಬಂತಲ್ಲ, ಅದೇ. ಕರೆಂಟ್ ಇಲ್ಲದಿದ್ದರೆ ಅದು ಬರೀ ಪೆಟ್ಟಿಗೆ.

ಮಾಸ್ಕ್ ಹಾಕಿಕೊಂಡು ನಾನೂ ಇವರೂ ಹೋಗಿ ಬಾಗಿಲು ತಟ್ಟಿದೆವು. ಅಜ್ಜ ಕೋಟು, ಟೋಪಿ, ಗ್ಲೌಸು ಎಲ್ಲಾ ಹಾಕಿಕೊಂಡು ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಹಸಿರು ಬಣ್ಣದ ಸಣ್ಣ ಸಿಲಿಂಡರ್, ಅದರ ಮುಳ್ಳು ಕೆಂಪು ಗೆರೆಯ ಹತ್ತಿರ. ಒಂದು ಸಿಲಿಂಡರ್ ನಾಲ್ಕೈದು ಗಂಟೆ ಬರುತ್ತಿತ್ತಂತೆ. ಇನ್ನೊಂದೇ ಉಳಿದಿತ್ತು. ಅವರ ಎದುರಿಗೇ ಗ್ಯಾಸ್ ಫೈರ್‌ಪ್ಲೇಸ್ ಇತ್ತು, ಹೊತ್ತಿಸುವ ಹಾಗಿರಲಿಲ್ಲ. ಆಕ್ಸಿಜನ್ ಹತ್ತಿರ ಬೆಂಕಿ ಇರಬಾರದು. ಉಸಿರು ಬೇಕೆಂದರೆ ಚಳಿ ತಡೆದುಕೊಳ್ಳಬೇಕು. ಅವರು ಏನೂ ದೂರಲಿಲ್ಲ. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು, ಅಷ್ಟೆ. ಸಿಲಿಂಡರ್ ಕೊಡುವವರಿಗೆ ಫೋನ್ ಮಾಡಿದರೆ ರಸ್ತೆಯಲ್ಲಿ ಗಾಡಿ ಬರಲು ಸಾಧ್ಯವಿಲ್ಲ ಎಂದರು.

ಅಷ್ಟು ಹೊತ್ತಿಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಯಲ್ಲಿ ಕರೆಂಟ್ ಇದೆ, ಯಾರಲ್ಲಿ ಇಲ್ಲ ಎಂಬುದೇ ಮಾತು. ಐದಾರು ಮೈಲಿ ದೂರದ ಗೆಳತಿಯ ಮನೆಯಲ್ಲಿ ಒಂದು ನಿಮಿಷವೂ ಹೋಗಿರಲಿಲ್ಲ. ಅವರ ಮನೆಗೆ ಬರುವ ಲೈನಿನ ಮೇಲೆ ಆಸ್ಪತ್ರೆಯಿತ್ತು. ಆಸ್ಪತ್ರೆ, ಅಗ್ನಿಶಾಮಕ ಠಾಣೆ ಇರುವ ಲೈನುಗಳನ್ನು ತೆಗೆಯುವುದಿಲ್ಲ. ಅವುಗಳನ್ನು ಬಿಟ್ಟು ಉಳಿದವನ್ನೇ ತೆಗೆಯಬೇಕಿತ್ತು. ಕೊರತೆ ಎಷ್ಟಿತ್ತೆಂದರೆ ಒಮ್ಮೆ ತೆಗೆದ ಬೀದಿಗೆ ಮತ್ತೆ ಕೊಡಲು ಸರದಿಯೇ ಉಳಿಯಲಿಲ್ಲ. ಡಲ್ಲಾಸ್ ನಡುವಿನ ಖಾಲಿ ಆಫೀಸು ಕಟ್ಟಡಗಳಲ್ಲಿ ದೀಪ ಉರಿಯುತ್ತಿದ್ದ ಫೋಟೋ ಗುಂಪಿಗೆ ಬಂದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ.

ಗೆಳತಿಗೆ ಫೋನ್ ಮಾಡಿ ಅಜ್ಜನ ವಿಷಯ ಹೇಳಿದೆ. ಕೋವಿಡ್ ಕಾಲ. ಅವಳ ಮನೆಯಲ್ಲಿ ಸಣ್ಣ ಮಗು. ಬೇಡ ಎಂದಿದ್ದರೂ ತಪ್ಪಿರಲಿಲ್ಲ. "ಅಕ್ಕಾ, ಯೋಚನೆ ಮಾಡ್ಬೇಡಿ, ಅವರನ್ನೂ ಕರ್ಕೊಂಡು ಬಂದ್ಬಿಡಿ. ಕೆಳಗಿನ ರೂಮ್ ಖಾಲಿ ಮಾಡ್ತೀನಿ" ಅಂದಳು.

ಗ್ಯಾರೇಜಿನ ಬಾಗಿಲೂ ಕರೆಂಟಿನದೇ. ಮೇಲೆ ನೇತಾಡುವ ಕೆಂಪು ಹಗ್ಗ ಎಳೆದು ಇವರು ಕೈಯಲ್ಲೇ ಎತ್ತಿದರು. ಬಾಗಿಲು ಪೂರ್ತಿ ತೆರೆದು, ಕಾರು ಹೊರಗೆ ತೆಗೆದ ಮೇಲೇ ನಮ್ಮನ್ನು ಹತ್ತಿಸಿಕೊಂಡರು. ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕೂತವರು, ಇದ್ದಿಲಿನ ಒಲೆಯನ್ನು ಮನೆಯೊಳಗೆ ಹೊತ್ತಿಸಿಕೊಂಡವರು ಆ ವಾರ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದರು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ಫ್ಲೈಓವರ್ ಬಿಟ್ಟು ಒಳರಸ್ತೆಯಲ್ಲೇ ಹೋದೆವು. ಸೇತುವೆಗಳಿಗೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಮೊದಲು ಹೆಪ್ಪುಗಟ್ಟುವುದು ಅವೇ. ಸಿಗ್ನಲ್ ದೀಪಗಳೆಲ್ಲ ಸತ್ತಿದ್ದವು. ಯಂತ್ರ ನನ್ನ ಕಾಲ ಹತ್ತಿರ, ಅಜ್ಜ ಮುಂದಿನ ಸೀಟಿನಲ್ಲಿ, ಎರಡನೇ ಸಿಲಿಂಡರ್ ಅವರ ಮೊಣಕಾಲ ಮಧ್ಯೆ. ದಾರಿಯುದ್ದಕ್ಕೂ ನಾನು ಆ ಮುಳ್ಳನ್ನೇ ನೋಡುತ್ತಿದ್ದೆ. ಗೆಳತಿಯ ಮನೆಯಲ್ಲಿ ಪ್ಲಗ್ ಚುಚ್ಚಿದಾಗ ಯಂತ್ರ ಬೀಪ್ ಅಂತು, ಗುರ್ ಅಂತು, ಅದಕ್ಕೆ ಸಿಕ್ಕಿಸಿದ್ದ ನೀರಿನ ಬಾಟಲಿಯಲ್ಲಿ ಗುಳ್ಳೆ ಏಳತೊಡಗಿತು. ಗೆಳತಿ ದೊಡ್ಡ ಕಪ್ಪಿನಲ್ಲಿ ತಿಳಿಸಾರು ಕೊಟ್ಟಳು. ಅಜ್ಜ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದರು.

ಆ ರಾತ್ರಿ ಕಳೆದು ಬೆಳಗಾಗುವಾಗ ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ. ಅಜ್ಜ ಅವರ ಮನೆಯಲ್ಲೇ ಉಳಿದಿದ್ದರೆ ಎಂದು ಯೋಚಿಸುವುದಕ್ಕೂ ಮನಸ್ಸಾಗುವುದಿಲ್ಲ.

ಆಮೇಲೆ ವರದಿಗಳಲ್ಲಿ ಓದಿದ್ದು: ಗ್ರಿಡ್‌ನ, ಅಂದರೆ ವಿದ್ಯುತ್ ಜಾಲದ, ಫ್ರೀಕ್ವೆನ್ಸಿ 60 ಹರ್ಟ್ಸ್ ಇರಬೇಕು. ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಇಲ್ಲದಿದ್ದರೆ ಅದು ಇಳಿಯುತ್ತದೆ. ಕರೆಂಟ್ ಹೋದ ರಾತ್ರಿ ಅದು 59.4ಕ್ಕಿಂತ ಕೆಳಗಿಳಿದು ನಾಲ್ಕು ನಿಮಿಷ ದಾಟಿತ್ತು. ಒಂಬತ್ತು ನಿಮಿಷ ಹಾಗೇ ಇದ್ದಿದ್ದರೆ ರಾಜ್ಯದ ಹೆಚ್ಚಿನ ಭಾಗ ವಾರಗಟ್ಟಲೆ ಕತ್ತಲಾಗುತ್ತಿತ್ತಂತೆ. ಗ್ಯಾಸ್ ಬಾವಿಗಳು ಹೆಪ್ಪುಗಟ್ಟಿ ವಿದ್ಯುತ್ ಸ್ಥಾವರಗಳಿಗೆ ಗ್ಯಾಸ್ ಇಲ್ಲ. ಕರೆಂಟ್ ತೆಗೆದದ್ದರಿಂದ ಗ್ಯಾಸ್ ಪಂಪುಗಳು ನಿಂತು ಇನ್ನಷ್ಟು ಗ್ಯಾಸ್ ಇಲ್ಲ. ಟೆಕ್ಸಾಸ್‌ನ ಗ್ರಿಡ್ ಬೇರೆ ರಾಜ್ಯಗಳಿಗೆ ಹೆಚ್ಚು ಜೋಡಿಸಿಕೊಂಡಿಲ್ಲದ್ದರಿಂದ ಹೊರಗಿನಿಂದ ತರಿಸಿಕೊಳ್ಳುವುದಕ್ಕೂ ಆಗಲಿಲ್ಲ. 2011ರಲ್ಲಿ ಇಂಥದ್ದೇ ಚಳಿ ಬಂದು, ಯಂತ್ರಗಳಿಗೆ ಚಳಿಯ ರಕ್ಷಣೆ ಮಾಡಿ ಎಂದು ಕೇಂದ್ರದ ವರದಿ ಹೇಳಿತ್ತು. ಇದೇ ರಾಜ್ಯದ, ಆದರೆ ಬೇರೆ ಗ್ರಿಡ್‌ಗೆ ಸೇರಿದ ಎಲ್ ಪಾಸೋದಲ್ಲಿ ಹಾಗೆ ಮಾಡಿದ್ದರು. ಅಲ್ಲಿ ಹೆಚ್ಚಿನವರ ಮನೆಯಲ್ಲಿ ಕರೆಂಟ್ ಇತ್ತು. ಉಳಿದ ಕಡೆ ಖರ್ಚು ಜಾಸ್ತಿ ಅಂತ ಬಿಟ್ಟರು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು, ಮೂರರಲ್ಲಿ ಸುಮಾರು ಎರಡು ಪಾಲು ಚಳಿಯಿಂದಲೇ. ಅದೇ ವಾರ ಉತ್ತರದ ಮಿನ್ನೆಸೋಟಾ ರಾಜ್ಯದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಚಳಿಯಿತ್ತು. ಅಲ್ಲಿನ ಜನ ಎಂದಿನಂತೆ ಮನೆಯಲ್ಲಿ ಬೆಚ್ಚಗಿದ್ದರು. ಹಾಗಾಗಿ ಇದನ್ನು ಪ್ರಕೃತಿ ವಿಕೋಪ ಎಂದು ಹೇಳಿ ಕೈತೊಳೆದುಕೊಂಡರೆ ನಾನು ಒಪ್ಪುವುದಿಲ್ಲ. ಯಂತ್ರಗಳಿಗೆ ಚಳಿಯ ರಕ್ಷಣೆ ಮಾಡಲೇಬೇಕು ಎಂದು ಆ ಜೂನ್‌ನಲ್ಲಿ ಕಾನೂನು ಬಂತು. ಹತ್ತು ವರ್ಷ ಮೊದಲೇ ಬರಬೇಕಿತ್ತು, ಅಲ್ವಾ?

ಬಿಸಿಲು ಬಂದು ಕರಗಲು ಶುರುವಾದಾಗ ಅಜ್ಜನ ಅಟ್ಟದ ಪೈಪು ಒಡೆದಿದ್ದು ಗೊತ್ತಾಯಿತು. ಹಾಲ್‌ನ ಸೀಲಿಂಗ್ ನೆನೆದು, ಅವರು ಕೂತಿದ್ದ ಕುರ್ಚಿಯ ಮೇಲೇ ಬಿದ್ದಿತ್ತು. ಪ್ಲಂಬರ್‌ಗಳು ಸಿಗದೆ ವಾರಗಟ್ಟಲೆ ಕಾಯಬೇಕಾಯಿತು. ಅಷ್ಟು ದಿನವೂ ಅವರು ಗೆಳತಿಯ ಮನೆಯ ಕೆಳಗಿನ ರೂಮಿನಲ್ಲೇ ಇದ್ದರು. ನಮ್ಮ ಬೀದಿಯವರು ಸೇರಿ ಒಂದು ಪಟ್ಟಿ ಮಾಡಿದ್ದೇವೆ: ಯಾರ ಮನೆಯಲ್ಲಿ ಕರೆಂಟ್ ಮೇಲೆ ನಡೆಯುವ ವೈದ್ಯಕೀಯ ಯಂತ್ರವಿದೆ, ಯಾರ ಹತ್ತಿರ ಜನರೇಟರ್ ಇದೆ, ಯಾರು ಒಬ್ಬರೇ ಇದ್ದಾರೆ. ಪ್ರತಿ ನವೆಂಬರ್‌ನಲ್ಲಿ ಅದನ್ನು ಸರಿಮಾಡುವ ಕೆಲಸ ನನ್ನದು.