ಮೊದಲು ನೆರಳು, ಆಮೇಲೆ ಗಿಡ

ಅಕ್ಟೋಬರ್ ಬಂತು ಅಂದ್ರೆ ನಮ್ಮಲ್ಲಿ ಗಿಡ ನೆಡುವ ಕಾಲ ಶುರು. ನಮ್ಮಲ್ಲಿ ಅಂದ್ರೆ ಅಮೆರಿಕದ ಅರಿಜೋನಾದಲ್ಲಿರುವ ಫೀನಿಕ್ಸ್‌ನಲ್ಲಿ. ಊರಲ್ಲಿ ಮಳೆ ಹಿಡಿದ ಮೇಲೆ ನೆಡುತ್ತೇವೆ, ಇಲ್ಲಿ ಬಿಸಿಲು ಇಳಿದ ಮೇಲೆ. ಇಷ್ಟು ಗೊತ್ತಾಗಲು ನನಗೆ ಮೂರು ಬೇಸಿಗೆ ಬೇಕಾಯ್ತು. ಈ ಕಡೆಗೆ ಬರುತ್ತಿರುವ ಒಂದಿಬ್ಬರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಸಾಗರದ ಹತ್ತಿರ. ಅಲ್ಲಿ ಕೊಂಬೆ ಮುರಿದು ಸುಮ್ನೆ ಚುಚ್ಚಿದರೂ ಚಿಗುರುತ್ತದೆ. ಇಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 180 ಮಿಲಿಮೀಟರ್, ಅಂದ್ರೆ ನಮ್ಮೂರಲ್ಲಿ ಆಷಾಢದ ಒಂದು ಜೋರು ವಾರದ ಮಳೆ ಅಷ್ಟೇ. 2023ರ ಬೇಸಿಗೆಯಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಆಗ ನನ್ನ ದಾಸವಾಳ, ಗುಲಾಬಿ ಎಲ್ಲ ಹೋದವು. ಎಲೆ ಬಾಡಿದೆ ಅಂತ ದಿನಾ ನೀರು ಹಾಕಿದೆ, ಬುಡವೇ ಕೊಳೆತುಹೋಯ್ತು. ತುಂಬಾ ಅಳು ಬಂದಿತ್ತು.

ದಾರಿ ತೋರಿಸಿದ್ದು ರಾಯಚೂರಿನ ನಮ್ಮ ಅತ್ತೆ. ವಿಡಿಯೊ ಕಾಲ್‌ನಲ್ಲಿ ಹಿತ್ತಲು ತೋರಿಸಿದೆ. "ಆ ಪಡುವಲ ಗ್ವಾಡಿ ಬಾಜೂಕ ಯಾಕ ಇಟ್ಟೀ? ಮೊದ್ಲ ನೆಳ್ಳ ನೋಡವಾ, ಆಮ್ಯಾಲ ಗಿಡ ಹಚ್ಚು" ಅಂದರು. ಅವರು ಹೇಳಿದ್ದು ಸರಿ. ಪಶ್ಚಿಮದ ಗೋಡೆ ಕತ್ತಲಾದ ಮೇಲೂ ಎಷ್ಟೋ ಹೊತ್ತು ಕಾವು ಬಿಡುತ್ತಿರುತ್ತದೆ, ನಾನು ಅಲ್ಲೇ ಕಪ್ಪು ಪ್ಲಾಸ್ಟಿಕ್ ಕುಂಡಗಳನ್ನು ಸಾಲಾಗಿ ಇಟ್ಟಿದ್ದೆ, ಒಳಗಿನ ಬೇರು ಬೇಯದೆ ಇನ್ನೇನಾಗುತ್ತೆ? ಈಗ ಕುಂಡಗಳೆಲ್ಲ ಪೂರ್ವಕ್ಕೆ ಬಂದಿವೆ. ತಿಳಿ ಬಣ್ಣದ ದೊಡ್ಡ ಕುಂಡ, ಮೇಲೆ ನೆರಳು ಪರದೆ. ಬೆಳಗಿನ ಬಿಸಿಲು ಸಾಕು.

ಇನ್ನೊಂದು ಮಾತು. ಬೇಸಿಗೆಯಲ್ಲಿ ಪೈಪು ತಿರುಗಿಸಿದ ಕೂಡಲೇ ಗಿಡಕ್ಕೆ ಹಿಡಿಯಬೇಡಿ. ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಹರಿವೆ ಸಸಿಗಳ ಒಂದು ಮಡಿಯನ್ನೇ ನಾನು ಹಾಗೆ ಕಳೆದುಕೊಂಡೆ.

ಮಣ್ಣಿನದು ಬೇರೆ ಕತೆ. ಎರಡು ಅಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಅಂತ ಸದ್ದು ಮಾಡುತ್ತದೆ. ಸುಣ್ಣ ಗಟ್ಟಿಯಾಗಿ ಆದ ಬಿಳಿ ಪದರ ಅದು, ಇಲ್ಲಿನವರು ಕಲೀಚಿ ಅನ್ನುತ್ತಾರೆ. ಗುಂಡಿಗೆ ನೀರು ತುಂಬಿಸಿ ಒಂದು ದಿನ ಬಿಡಿ. ಮಾರನೇ ದಿನವೂ ನೀರು ನಿಂತಿದ್ದರೆ ಪದರ ಒಡೆಯಬೇಕು, ಇಲ್ಲಾ ಜಾಗ ಬದಲಾಯಿಸಬೇಕು. ಸುಣ್ಣದ ಮಣ್ಣಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗೋದಿಲ್ಲ. ನನ್ನ ಕರಿಬೇವಿನ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿತ್ತು, ಯಾವುದೋ ರೋಗ ಅಂದುಕೊಂಡಿದ್ದೆ. ಕುಂಡಕ್ಕೆ ಬದಲಾಯಿಸಿ ಕಬ್ಬಿಣದ ಗೊಬ್ಬರ ಕೊಟ್ಟ ಮೇಲೆ ಹೊಸ ಚಿಗುರು ಹಸಿರಾಗಿಯೇ ಬಂತು.

ಬಿಸಿಲನ್ನು ಇಷ್ಟಪಡುವ ನಮ್ಮ ಗಿಡಗಳೂ ಇವೆ. ಬೆಂಡೆ, ಅಲಸಂದೆ, ಹರಿವೆ, ಬಸಳೆ ಬೇಸಿಗೆಯಲ್ಲೇ ಚೆನ್ನಾಗಿ ಬರುತ್ತವೆ. ನುಗ್ಗೆಯಂತೂ ಮನೆ ಮಗನ ಹಾಗೆ. ಜನವರಿಯ ಹಿಮಕ್ಕೆ ತುದಿಯೆಲ್ಲ ಕಪ್ಪಾಗುತ್ತದೆ, ಕಡಿದುಬಿಟ್ಟರೆ ವಸಂತದಲ್ಲಿ ಮತ್ತೆ ಚಿಗುರಿ ಒಂದೇ ಬೇಸಿಗೆಯಲ್ಲಿ ಮನೆ ಮಾಡಿನ ಎತ್ತರ ಆಗುತ್ತದೆ. ಟೊಮೆಟೊ ಮಾತ್ರ ಫೆಬ್ರವರಿ ಕೊನೆಗೇ ನೆಟ್ಟುಬಿಡಿ. ಜೂನ್ ಸೆಕೆಗೆ ಹೂವೆಲ್ಲ ಉದುರುತ್ತದೆ, ಕಾಯಿ ಕಟ್ಟಲ್ಲ. ಕೊತ್ತಂಬರಿ, ಮೆಂತ್ಯ, ಪಾಲಕ್ ಅಕ್ಟೋಬರ್‌ನಿಂದ.

ನೆರಳಿಗೆ ಇಲ್ಲಿಯದೇ ಮರ ಹಾಕಿ. ಪ್ಯಾಲೊ ವರ್ಡೆ ಅಂತ ಒಂದಿದೆ, 1954ರಿಂದ ಈ ರಾಜ್ಯದ ಮರ. ಕಾಂಡವೇ ಹಸಿರು. ನೀರಿಲ್ಲದಾಗ ಎಲೆ ಉದುರಿಸಿ ಕಾಂಡದಲ್ಲೇ ಆಹಾರ ಮಾಡಿಕೊಳ್ಳುತ್ತದೆ. ನಾನು ಹಾಕಿದ್ದು ಮೆಸ್ಕೀಟ್. ಅತ್ತೆ ಬಂದಾಗ ಅದರ ಮುಳ್ಳು ಮುಟ್ಟಿ ನೋಡಿ, "ಇದು ನಮ್ಮ ಬಳ್ಳಾರಿ ಜಾಲಿ ಅಲ್ಲೇನು?" ಅಂದರು. ಅದೇ ಕುಲದ್ದು. ಬಳ್ಳಾರಿ ಜಾಲಿ ನಮ್ಮಲ್ಲಿಗೆ ಬಂದದ್ದೂ ಅಮೆರಿಕ ಖಂಡದಿಂದಲೇ. ಅಲ್ಲಿ ಹೊಲ, ಕೆರೆ ಅಂಗಳ ನುಂಗುವ ಗಿಡದ ತಂಗಿ ಇಲ್ಲಿ ತನ್ನ ಸ್ವಂತ ನೆಲದಲ್ಲಿ ನನ್ನ ಮಲ್ಲಿಗೆ ಬಳ್ಳಿಯನ್ನು ಕಾಯುತ್ತಿದೆ. ಗಿಡ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ಎಲ್ಲಿದೆ ಅನ್ನೋದೇ ಮುಖ್ಯ, ಅಲ್ವಾ? ಮೆಸ್ಕೀಟ್‌ಗೆ ಪದೇ ಪದೇ ನೀರು ಕೊಡಬೇಡಿ, ಬೇರು ಮೇಲೇ ಉಳಿದು ಜುಲೈನ ಧೂಳುಗಾಳಿಗೆ ಬುಡಸಮೇತ ಬೀಳುತ್ತದೆ. ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಷ್ಟು ಕೊಡಿ.

ಬರುವವರಿಗೆ ಒಂದು ಕೋರಿಕೆ. ಬ್ಯಾಗಿನಲ್ಲಿ ಕರಿಬೇವಿನ ಸೊಪ್ಪು, ಕಡ್ಡಿ ತರಬೇಡಿ. ನಿಂಬೆ, ಕಿತ್ತಳೆ ಮರಗಳನ್ನು ಕಾಡುವ ಕೀಟ ಅದರಲ್ಲೂ ಇರುತ್ತದೆ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಸಸಿ ಇಲ್ಲಿನ ನರ್ಸರಿಯಲ್ಲೇ ಸಿಗುತ್ತದೆ. ನುಗ್ಗೆ ಬೀಜ ಬೇಕಿದ್ದರೆ ಹೇಳಿ, ನನ್ನ ಮರದ್ದು ಒಂದು ಡಬ್ಬಿ ತುಂಬಾ ಒಣಗಿಸಿ ಇಟ್ಟಿದ್ದೇನೆ.