ಭಾನುವಾರ ಸರಿ, ಗುರುವಾರ ಯಾವಾಗ?

ಸೆಪ್ಟೆಂಬರ್ 22, ಅಂದರೆ ವಿಶ್ವ ಕಾರು ರಹಿತ ದಿನ ಬಂತು ಅಂದರೆ ಸಾಕು, ಕಾರಿಲ್ಲದ ರಸ್ತೆಗಳ ಫೋಟೋಗಳು ಎಲ್ಲ ಕಡೆ ಕಾಣಿಸುತ್ತವೆ. ದೊಡ್ಡ ರಸ್ತೆಯ ನಟ್ಟನಡುವೆ ಸೈಕಲ್ ಹೊಡೆಯುವ ಮಕ್ಕಳು, ಆರಾಮಾಗಿ ನಡೆಯುವ ವಯಸ್ಸಾದವರು. ನೋಡಿದರೆ ಖುಷಿಯಾಗುತ್ತದೆ. ಆದರೆ ನಾನು ಮೊದಲು ಗಮನಿಸುವುದು ಅದು ಯಾವ ವಾರ ಅಂತ. ಬಹಳ ಸಲ ಅದು ಭಾನುವಾರವೇ ಆಗಿರುತ್ತದೆ. ಈ ದಿನದ ಇತಿಹಾಸವನ್ನೆಲ್ಲ ಓದುತ್ತಾ ಹೋದರೆ ಇದೇ ಮುಖ್ಯ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ.

ಇದು ಶುರುವಾಗಿದ್ದು ಪರಿಸರದ ಕಾಳಜಿಯಿಂದ ಅಲ್ಲ, ಪೆಟ್ರೋಲ್ ಸಾಲದೆ. 1956ರಲ್ಲಿ ಸೂಯೆಜ್ ಕಾಲುವೆಯ ಗಲಾಟೆಯಿಂದ ತೈಲ ಬರುವುದು ಕಷ್ಟವಾಯಿತು. ಆಗ ನೆದರ್‌ಲೆಂಡ್ಸ್, ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್ ದೇಶಗಳು ಕೆಲವು ಭಾನುವಾರ ಕಾರು ಓಡಿಸಬಾರದು ಅಂದವು. 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ತಡೆದಾಗ ಮತ್ತೆ ಅದೇ ದಾರಿ. ನವೆಂಬರ್ 4ರಂದು ನೆದರ್‌ಲೆಂಡ್ಸ್ ಶುರು ಮಾಡಿತು, ನವೆಂಬರ್ 25ರಿಂದ ಪಶ್ಚಿಮ ಜರ್ಮನಿ ನಾಲ್ಕು ಭಾನುವಾರ ಪಾಲಿಸಿತು. ಹೆದ್ದಾರಿಗಳ ಮೇಲೆ ಜನ ಸೈಕಲ್ ಓಡಿಸಿದರು, ಸ್ಕೇಟ್ ಹಾಕಿಕೊಂಡು ಹೋದರು, ಕುದುರೆ ಹತ್ತಿಯೂ ಹೊರಟರು.

ಆ ಹೊತ್ತಿನ ನೆದರ್‌ಲೆಂಡ್ಸ್ ಈಗಿನ ಹಾಗೆ ಸೈಕಲ್‌ಗಳ ನಾಡಾಗಿ ಉಳಿದಿರಲಿಲ್ಲ, ಕಾರುಗಳು ಊರನ್ನೆಲ್ಲ ಆಕ್ರಮಿಸಿದ್ದವು. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕೂ ಹೆಚ್ಚು ಜನ ಬಲಿಯಾಗಿದ್ದರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ ಅಂತ ಜನ ಬೀದಿಗಿಳಿದಿದ್ದರು. ಅಂಥ ಸಮಯದಲ್ಲಿ ಬಂದ ಆ ಖಾಲಿ ಭಾನುವಾರಗಳು ಬರೀ ಪೆಟ್ರೋಲ್ ಉಳಿಸಿದ್ದಲ್ಲ, ರಸ್ತೆ ಬೇರೆ ರೀತಿಯಲ್ಲೂ ಇರಬಹುದು ಅಂತ ಜನರಿಗೆ ಕಣ್ಣಾರೆ ತೋರಿಸಿದವು.

ಕೊರತೆಯೇ ಇಲ್ಲದೆ, ಬೇಕು ಅಂತಲೇ ರಸ್ತೆ ಮುಚ್ಚಿದವರೂ ಇದ್ದರು. ಟೋಕಿಯೋದ ಗಿಂಜಾದಲ್ಲಿ 1970ರ ಆಗಸ್ಟ್‌ನಿಂದಲೇ ರಜೆಯ ದಿನ ಮುಖ್ಯ ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಕೊಲಂಬಿಯಾದ ಬೊಗೊಟಾದಲ್ಲಿ 1974ರ ಡಿಸೆಂಬರ್‌ನಲ್ಲಿ ಸೈಕಲ್ ಪ್ರೇಮಿಗಳು ಕೆಲವು ರಸ್ತೆಗಳನ್ನು ಕಾರಿನಿಂದ ಬಿಡಿಸಿಕೊಂಡರು. ಅದೇ ಬೆಳೆದು ಸಿಕ್ಲೋವಿಯಾ ಎಂಬ ಕಾರ್ಯಕ್ರಮ ಆಯಿತು. ಈಗಲೂ ಭಾನುವಾರ ಮತ್ತು ರಜೆಯ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸುಮಾರು 120 ಕಿಲೋಮೀಟರ್ ರಸ್ತೆ ಜನರ ಪಾಲಿಗೆ. ಐವತ್ತು ವರ್ಷ ದಾಟಿದೆ, ಇನ್ನೂ ನಿಂತಿಲ್ಲ!

ಕೆಲಸದ ದಿನದ ಮಾತು ಜೋರಾಗಿ ಬಂದದ್ದು 1994ರಲ್ಲಿ. ಸ್ಪೇನ್‌ನ ತೊಲೆದೊದಲ್ಲಿ ನಡೆದ ಒಂದು ಸಭೆಯಲ್ಲಿ ಎರಿಕ್ ಬ್ರಿಟನ್ ಎಂಬ ಸಾರಿಗೆ ತಜ್ಞರು ಒಂದು ಸಲಹೆ ಮುಂದಿಟ್ಟರು: ಊರು ತಾನೇ ಒಂದು ಗುರುವಾರ ಆರಿಸಿಕೊಂಡು, ಅವತ್ತು ಕಾರಿಲ್ಲದೆ ದಿನ ಕಳೆದು ನೋಡಲಿ. ನನಗೆ ಇಷ್ಟವಾಗುವುದು ಇದೇ. ಭಾನುವಾರ ಕಾರು ಬಿಟ್ಟರೆ ಆಟ ಆಡಬಹುದು. ಗುರುವಾರ ಬಿಟ್ಟರೆ ಕೆಲಸಕ್ಕೆ ಹೋಗಬೇಕು, ಮಕ್ಕಳು ಶಾಲೆ ಸೇರಬೇಕು, ಅಂಗಡಿಗೆ ಸಾಮಾನು ಬರಬೇಕು, ಆಸ್ಪತ್ರೆಗೆ ಹೋಗುವವರು ಹೋಗಲೇಬೇಕು. ಬಸ್ ಸಾಕಾಗುತ್ತದಾ, ಫುಟ್‌ಪಾತ್ ನಡೆಯುವ ಹಾಗಿದೆಯಾ ಅನ್ನುವುದು ಆಗ ತಾನೇ ಗೊತ್ತಾಗುವುದು, ಅಲ್ವಾ?

ಫ್ರಾನ್ಸ್‌ನ ಲಾ ರೊಶೆಲ್ ಪಟ್ಟಣ 1997ರ ಸೆಪ್ಟೆಂಬರ್ 9ರಂದು ಇದನ್ನು ಮಾಡಿತು, ಅದು ಮಂಗಳವಾರ. ಮರುವರ್ಷ ಸೆಪ್ಟೆಂಬರ್ 22ಕ್ಕೆ ಫ್ರಾನ್ಸ್‌ನ 35 ಊರುಗಳು ಸೇರಿಕೊಂಡವು, ಅದೂ ಮಂಗಳವಾರವೇ. 2000ದಲ್ಲಿ ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಕೈಜೋಡಿಸಿತು. 2002ರಿಂದ ಸೆಪ್ಟೆಂಬರ್ 16ರಿಂದ 22ರವರೆಗೆ ಇಡೀ ವಾರದ ಕಾರ್ಯಕ್ರಮ ನಡೆಯುತ್ತದೆ. ಆದರೆ ಹರಡುತ್ತಾ ಹರಡುತ್ತಾ ದಿನ ಮಾತ್ರ ಮೆಲ್ಲಗೆ ಭಾನುವಾರದ ಕಡೆ ಜಾರಿತು. ಬ್ರಸೆಲ್ಸ್ ಇಡೀ ನಗರಕ್ಕೆ ಕಾರು ಬಿಡದೆ ಭಾನುವಾರ ಆಚರಿಸುತ್ತದೆ. ಪ್ಯಾರಿಸ್ 2015ರ ಸೆಪ್ಟೆಂಬರ್ 27ರಂದು ಮೊದಲ ಸಲ ಮಾಡಿತು, ಅದೂ ಭಾನುವಾರ. ಅವತ್ತು ಕೆಲವು ರಸ್ತೆಗಳಲ್ಲಿ ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಇಂಡೋನೇಷ್ಯಾದ ಜಕಾರ್ತಾ, ರುವಾಂಡಾದ ಕಿಗಾಲಿ ಎಲ್ಲ ಭಾನುವಾರವೇ. ಕಿಗಾಲಿಯಲ್ಲಿ ಅವತ್ತು ಬಿಪಿ, ಶುಗರ್ ಪರೀಕ್ಷೆಯನ್ನೂ ಮಾಡುತ್ತಾರೆ, ಅದು ನಿಜಕ್ಕೂ ಒಳ್ಳೆಯ ಯೋಚನೆ. ಇವ್ಯಾವುವೂ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ದೆಹಲಿ 2015ರ ಅಕ್ಟೋಬರ್ 22ರಂದು ಮಾಡಿದ್ದು ಗುರುವಾರವೇ, ಆದರೆ ಅವತ್ತು ದಸರಾ ರಜೆ. ಅದಕ್ಕೆ ಒಂದು ತಿಂಗಳು ಮುಂಚೆ ಗುರುಗ್ರಾಮ ಮಾತ್ರ ಮಂಗಳವಾರ, ಕೆಲಸದ ದಿನವೇ ಮಾಡಿತ್ತು. ಅದಕ್ಕೆ ಜಾಸ್ತಿ ಧೈರ್ಯ ಬೇಕು.

ಆ ಧೈರ್ಯ ಪೂರ್ತಿ ತೋರಿಸಿದ್ದು ಮತ್ತೆ ಬೊಗೊಟಾ. 2000ದ ಫೆಬ್ರವರಿ 24, ಗುರುವಾರ. ಮೇಯರ್ ಎನ್ರಿಕೆ ಪೆನ್ಯಲೋಸಾ ಇಡೀ ನಗರದಲ್ಲಿ ಖಾಸಗಿ ಕಾರುಗಳನ್ನು ನಿಲ್ಲಿಸಿದರು. ಬಸ್, ಟ್ಯಾಕ್ಸಿ, ಸೈಕಲ್ ಓಡಿದವು, ಲಕ್ಷಾಂತರ ಜನ ಕೆಲಸಕ್ಕೆ ಹೋಗಿ ಬಂದರು. ಅದಕ್ಕಿಂತ ದೊಡ್ಡ ವಿಷಯ ಆಮೇಲಿನದು: ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ ಹಾಕಿಸಿ ಜನರನ್ನೇ ಕೇಳಿದರು, ಪ್ರತಿ ವರ್ಷ ಇದು ಬೇಕಾ ಅಂತ. ಬಹುಮತ ಹೌದು ಅಂದಿತು. ಹಾಗಾಗಿ ಫೆಬ್ರವರಿಯ ಮೊದಲ ಗುರುವಾರ ಆ ಊರಿನ ಪದ್ಧತಿಯೇ ಆಯಿತು.

ಯಾವುದೇ ನಗರ ಇದನ್ನು ಮಾಡಲು ಹೊರಟರೂ ಹೀಗೆಯೇ ಮಾಡಬೇಕು ಅನ್ನುವುದು ನನ್ನ ಆಸೆ. ವಾರದ ನಡುವಿನ ದಿನ, ತಿಂಗಳುಗಳ ಮುಂಚೆಯೇ ತಿಳಿಸಿದ ತಾರೀಕು, ಆವತ್ತಿಗೆ ಹೆಚ್ಚುವರಿ ಬಸ್ಸು, ಆಂಬ್ಯುಲೆನ್ಸ್‌ಗೂ ನಡೆಯಲಾಗದವರ ವಾಹನಕ್ಕೂ ದಾರಿ. ಸಂಜೆ ಎಲ್ಲಿ ಬಸ್ ಸಿಗಲಿಲ್ಲ, ಎಲ್ಲಿ ರಸ್ತೆ ದಾಟಲಾಗಲಿಲ್ಲ ಅಂತ ಜನರಿಂದ ಕೇಳಿ ಬರೆದುಕೊಳ್ಳಿ. ಮುಂದಿನ ವರ್ಷದ ಗುರುವಾರದ ಹೊತ್ತಿಗೆ ಅವುಗಳಲ್ಲಿ ಎಷ್ಟು ಸರಿಯಾಗಿವೆ ಅಂತ ಅವರೇ ನೋಡಿ ಹೇಳಲಿ.