ಕರೆಂಟಿನ ಶ್ರುತಿಗೆ ಗಿಟಾರ್

ಕಾರವಾರದಲ್ಲಿ ಡ್ರೋನ್ ಆಲ್ಬಮ್ಮಿಗೆ (ಹಾರುವ ಡ್ರೋನ್ ಅಲ್ಲ, ತಂಬೂರಿಯಂತೆ ಒಂದೇ ಸ್ವರ ಎಡೆಬಿಡದೆ ಮೊಳಗುವ ಸಂಗೀತ) ಹೊರಗಿನ ಸದ್ದು ಹಿಡಿಯುವುದಿದ್ದರೆ ಬೆಳಗ್ಗೆಯೇ ಹಿಡಿಯಬೇಕು. ಮಧ್ಯಾಹ್ನ ಕಡಲಗಾಳಿ ಎದ್ದಮೇಲೆ ಮೈಕಿಗೆ ತುಪ್ಪಳದ ಕವಚ ತೊಡಿಸಿದರೂ ಗುಡುಗುಡು ತಪ್ಪದು. ಆ ದಿನ ಟಾಗೋರ್ ಕಡಲತೀರ ಬಿಟ್ಟು ಬೈತಖೋಲ ಬಂದರಿಗೆ ಹೋದೆವು. ಅಲೆಯ ಮೊರೆತದಲ್ಲಿ ಎಲ್ಲ ಕಂಪನಾಂಕಗಳೂ ಬೆರೆತಿರುತ್ತವೆ. ಡ್ರೋನ್ ಮೇಲೆ ಹಾಕಿದರೆ ಅದರ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ. ಬೋಟುಗಳ ಡೀಸೆಲ್ ಎಂಜಿನ್ ಹಾಗಲ್ಲ. ಅಕ್ಕಪಕ್ಕದ ಎರಡು ಎಂಜಿನ್ನುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಸಾಕು, ಸದ್ದು ತಾನಾಗಿ ಏರಿಳಿಯುತ್ತದೆ.

ಮಧ್ಯಾಹ್ನ ಒಳಗೆ ಗಿಟಾರ್. ಗಿಟಾರಿನ ಸ್ವರವನ್ನು ಒರಟಾಗಿಸುವ ಫಜ್ ಪೆಡಲ್ ಒತ್ತಿದೊಡನೆ ಕರೆಂಟಿನ 'ಹಮ್', ಅಂದರೆ ಗುಂಯ್‌ಗುಡುವ ಸದ್ದೂ ಮೇಲೇಳುತ್ತದೆ: 50, 100, 150 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಇದಕ್ಕೆ ಪ್ಲಗ್ಗಿನ ಅರ್ತ್ ಪಿನ್ ಕೀಳುವವರಿದ್ದಾರೆ, ಜೀವಕ್ಕೇ ಅಪಾಯ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದರೆ ಬಹಳಷ್ಟು ಸಲ ಹಮ್ ಇಳಿಯುತ್ತದೆ. ಡ್ರೋನಿಗಾದರೆ ಇನ್ನೊಂದು ದಾರಿಯಿದೆ, ನಮಗೆ ಹೆಚ್ಚು ಇಷ್ಟವಾದದ್ದು: ಹಮ್ಮನ್ನೇ ಶ್ರುತಿ ಮಾಡಿಕೊಳ್ಳುವುದು. ಕೈಗಾದ ಟರ್ಬೈನೂ ಸೇರಿ ದೇಶದ ಇಡೀ ವಿದ್ಯುತ್ ಜಾಲ (ಗ್ರಿಡ್) ಒಂದೇ ತಂಬೂರಿಯಂತೆ ನುಡಿಯುತ್ತಿರುತ್ತದೆ.

ಐದನೆಯ ತಂತಿಯನ್ನು 110ರಿಂದ 100 ಹರ್ಟ್ಸಿಗೆ ಇಳಿಸಿ. ನಾಲ್ಕನೆಯದನ್ನು ಸುಮಾರು 147ರಿಂದ 150ಕ್ಕೆ ಏರಿಸಿ. ಸಿಂಥ್‌ನಲ್ಲಿ (ವಿದ್ಯುನ್ಮಾನ ಸ್ವರವಾದ್ಯ) ಅದೇ ಸ್ವರ ಹಿಡಿದು, ಅಲುಗಾಟ ನಿಲ್ಲುವವರೆಗೆ ಕಿವಿಯಿಂದಲೇ ಕೂಡಿಸಬೇಕು. 2:3ರ ಈ ಸ-ಪ ಫಜ್‌ನಲ್ಲಿ ಹಾದಾಗ ಎರಡರ ಅಂತರವಾದ 50 ಹರ್ಟ್ಸ್ ಕೆಳಗೆ ಹುಟ್ಟುತ್ತದೆ, ಹಮ್ಮಿನ ಮೇಲೆಯೇ ಬಂದು ಕೂರುತ್ತದೆ. ಗ್ರಿಡ್ ಮಾತ್ರ ಕದಲದೆ ನಿಲ್ಲುವುದಿಲ್ಲ. ನಿಯಮದ ಪ್ರಕಾರ 49.90ರಿಂದ 50.05ರೊಳಗೆ ಇರಬೇಕು. 49.90ಕ್ಕೆ ಇಳಿದರೆ ಹಮ್ಮಿನ ಎರಡನೆಯ ಸ್ವರ 99.8 ಆಗುತ್ತದೆ, ತಂತಿಯ 100ರ ಜೊತೆ ಐದು ಸೆಕೆಂಡಿಗೊಂದು ಅಲೆ. ಇಂಥ ನಿಧಾನದ ಏರಿಳಿತವನ್ನು ಕಂಪ್ಯೂಟರಿನಲ್ಲಿ ಸದ್ದು ಮಾರ್ಪಡಿಸುವ ಯಾವ ಪ್ಲಗಿನ್ನೂ ಇಷ್ಟು ಸಹಜವಾಗಿ ಕೊಡದು.

ಇಂಥ ಡ್ರೋನ್ ಬಳಸುವ ಸೈಕೆಡೆಲಿಕ್ ರಾಕ್ (ಅಮಲೇರಿದಂಥ ಅನುಭವ ಕೊಡುವ ರಾಕ್ ಸಂಗೀತ) ನಮ್ಮ ದೇಶಕ್ಕೆ ಹೊರಗಿನದೇನಲ್ಲ. ಬೀಟಲ್ಸ್ 1966ರ 'ರಿವಾಲ್ವರ್' ಆಲ್ಬಮ್ಮಿನ ಕೊನೆಯ ಹಾಡನ್ನು ತಂಬೂರಿಯ ನಾದದ ಮೇಲೆಯೇ ಕಟ್ಟಿದ್ದರು. ಪೆಡಲುಗಳು ಫಜ್, ಫೇಸರ್ (ಸದ್ದು ಸುಳಿಸುಳಿಯಾಗಿ ತೂಗುವಂತೆ ಮಾಡುವುದು), ಎಕೋ (ಮಾರ್ದನಿ) ಎಂಬ ಕ್ರಮದಲ್ಲಿರಲಿ. ಫಜ್ ಮೇಲುಸ್ವರಗಳನ್ನು ಎಬ್ಬಿಸಿದ ಮೇಲೆಯೇ ಫೇಸರಿಗೆ ಕೆಲಸ. ಎಕೋದ ಫೀಡ್‌ಬ್ಯಾಕನ್ನು (ಮಾರ್ದನಿ ಮತ್ತೆ ಅದರೊಳಕ್ಕೇ ಮರಳುವ ಪ್ರಮಾಣ) ತಾನಾಗಿ ಕೂಗತೊಡಗುವ ಹಂತಕ್ಕಿಂತ ತುಸು ಕೆಳಗೆ ನಿಲ್ಲಿಸಿ. ತಂತಿಯನ್ನು ಆಗಾಗ ಒರೆಸಿ. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಸಂಜೆ ಮಿಕ್ಸಿಂಗ್. ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಹೆಚ್ಚಾದರೆ ಆ ಐದು ಸೆಕೆಂಡಿನ ಅಲೆ ಚಪ್ಪಟೆಯಾಗಿಬಿಡುತ್ತದೆ. ಫೋನಿನ ಸ್ಪೀಕರಿನಲ್ಲಿ 100 ಹರ್ಟ್ಸ್ ಕೇಳಿಸುವುದೇ ಕಷ್ಟ; ಅದಕ್ಕೆ ಫಜ್ ಎಬ್ಬಿಸಿದ 300, 400ರ ಸ್ವರಗಳನ್ನು ತುಸು ಮೇಲಿಟ್ಟರೆ ಕೆಳಗಿನ ಷಡ್ಜವನ್ನು ಕಿವಿಯೇ ತುಂಬಿಕೊಳ್ಳುತ್ತದೆ.